ಪಾಲಿನ ಕುರಿ

"ಮುಂದಿನ ವಾರ ಯಾರೂ ಬರಬ್ಯಾಡ್ರಿ" ಎಂದು ಮಾಲೀಕ ಸಂಜೀವಪ್ಪ ಹೇಳಿದಾಗ ಹೊಲಿಗೆ ಯೂನಿಟ್ಟಿನ ಎಂಟು ಮಷೀನುಗಳು ಒಂದೊಂದಾಗಿ ನಿಂತವು. ಬಳ್ಳಾರಿಯಿಂದ ಕಟಿಂಗ್ ಬಂದಿರಲಿಲ್ಲ. ಕತ್ತರಿಸಿದ ಜೀನ್ಸ್ ಬಟ್ಟೆಯ ಮೂಟೆ ಬಂದರೆ ಕೆಲಸ, ಬಾರದಿದ್ದರೆ ಮನೆ. ರಾಯದುರ್ಗದಲ್ಲಿ ಹೊಲಿದು ತಿನ್ನುವವರಿಗೆಲ್ಲ ಇದು ಹೊಸದೇನಲ್ಲ. ಆದರೂ ಹೆಂಗಸರು ಗೊಣಗಿದರು. ಒಬ್ಬಳು ಮನೆಬಾಡಿಗೆ ಎಂದಳು, ಇನ್ನೊಬ್ಬಳು ಚೀಟಿ ಎಂದಳು.

ಮಂಜಮ್ಮ ಮಾತ್ರ ಕತ್ತರಿಯನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡಳು. ಸೊಂಟದ ಪಟ್ಟಿಗೆ ಲೂಪು ಹಚ್ಚುವುದು ಅವಳ ಕೆಲಸ. ಒಂಬತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದಳು. ಗಂಡ ಅಂಜಿ ಬೆಂಗಳೂರಿನಲ್ಲಿ ಟೈಲ್ಸ್ ಕೂರಿಸುತ್ತಿದ್ದ. ಒಂದೂವರೆ ತಿಂಗಳಿಗೊಮ್ಮೆ ಊರಿಗೆ ಬರುವನು. ಒಮ್ಮೆ ಜೇಬು ಉಬ್ಬಿರುತ್ತಿತ್ತು, ಇನ್ನೊಮ್ಮೆ ಬಸ್ಸಿನ ಖರ್ಚಿಗೂ ಜೊತೆಯವನ ಹತ್ತಿರ ಕೈಯೊಡ್ಡಿ ಬಂದಿರುತ್ತಿದ್ದ. ಇಬ್ಬರ ದುಡಿಮೆಗೂ ಗೊತ್ತು ಗುರಿ ಇಲ್ಲದ ಮನೆಯನ್ನು ನಡೆಸಿ ನಡೆಸಿ ಮಂಜಮ್ಮ ತನ್ನದೇ ಒಂದು ದಾರಿ ಮಾಡಿಕೊಂಡಿದ್ದಳು.

"ಕೆಟ್ಟ ವಾರನ ನಮ್ಮ ವಾರ, ಒಳ್ಳೇ ವಾರ ಮನಿಗೆ ಬಂದ ನೆಂಟ" ಎನ್ನುತ್ತಿದ್ದಳು. ನೆಂಟ ಬಂದನೆಂದು ದಿನವೂ ಹೋಳಿಗೆ ಮಾಡುತ್ತ ಕೂತರೆ ಅವನು ಹೋದ ಮೇಲೆ ಹಿಟ್ಟಿನ ಡಬ್ಬಿ ಕೆರೆಯಬೇಕಾಗುತ್ತದೆ. ಕಡಿಮೆ ಕೂಲಿ ಬಂದ ವಾರದಲ್ಲಿ ಹೇಗೆ ಉಣ್ಣುತ್ತಿದ್ದರೋ ಹೆಚ್ಚು ಬಂದ ವಾರದಲ್ಲೂ ಹಾಗೇ ಉಣ್ಣಬೇಕು. ಮಿಕ್ಕಿದ್ದು ಅದೇ ದಿನ ಸಾಮಾನಾಗಬೇಕು: ಸುಗ್ಗಿಯಲ್ಲಿ ಜೋಳ, ಬೇಸಿಗೆಯಲ್ಲಿ ಮೆಣಸಿನಕಾಯಿ ಮತ್ತು ಹುಣಸೆಹಣ್ಣು, ಕೈ ಸಡಿಲವಿದ್ದಾಗ ಎಣ್ಣೆಯ ಡಬ್ಬಿ. ನಗದು ಇಟ್ಟುಕೊಂಡರೆ ಉಳಿಯುವುದಿಲ್ಲ. ಮನೆಯಲ್ಲಿ ರೊಕ್ಕವಿದ್ದರೆ ಅದಕ್ಕೆ ಬಾಯಿ ಬರುತ್ತದೆ, ಓಣಿಯವರನ್ನೆಲ್ಲ ಕೂಗಿ ಕರೆಯುತ್ತದೆ ಎಂಬುದು ಅವಳ ಅನುಭವ.

ಗ್ಯಾಸು ಹಚ್ಚುವುದು ಬೆಳಗ್ಗೆ ಒಂದೇ ಹೊತ್ತು. ಸ್ನಾನದ ನೀರಿಗೆ ಯೂನಿಟ್ಟಿನಿಂದ ತಂದ ಜೀನ್ಸ್ ಚೂರೇ ಉರುವಲು. ಅದರ ಕಪ್ಪು ಹೊಗೆಗೆ ಪಕ್ಕದ ಮನೆಯವರು ದಿನವೂ ಬಾಗಿಲು ಧಡಾರನೆ ಹಾಕಿಕೊಳ್ಳುತ್ತಿದ್ದರು. ಮೈಸೋಪನ್ನು ದಾರದಿಂದ ಎರಡು ಹೋಳು ಮಾಡಿ ಒಂದನ್ನು ಮಾತ್ರ ಹೊರಗಿಡುತ್ತಿದ್ದಳು. ಓಣಿಯಲ್ಲಿ ಅವಳ ಹೆಸರು 'ಅರ್ಧ ಸೋಪಿನ ಮಂಜವ್ವ' ಎಂದಾಗಿತ್ತು. ಹತ್ತನೇ ಕ್ಲಾಸು ಮುಗಿಸಿದ್ದ ಮಗಳು ಆಶಾರಾಣಿಯ ಕಿವಿಗೆ ಅದು ಬಿದ್ದ ದಿನ ಅವಳು ಊಟ ಬಿಟ್ಟಿದ್ದಳು. "ಅನ್ನಲಿ ಬಿಡು, ಅಂದೋರು ನಮಗ ಇನ್ನರ್ಧ ಸೋಪು ತಂದು ಕೊಡ್ತಾರೇನು" ಎಂದು ಮಂಜಮ್ಮ ತಾಟು ಮುಂದೆ ತಳ್ಳಿದ್ದಳು. ಹಾಗೆಂದರೂ ಆ ಮಾತು ಅವಳನ್ನೂ ಚುಚ್ಚುತ್ತಿತ್ತು.

ಹೆಂಗಸರ ಸಂಘದಲ್ಲಿ ಕಟ್ಟೋಣವೆಂದರೆ ಅಲ್ಲಿ ತಿಂಗಳು ತಪ್ಪದೆ ಕಟ್ಟಬೇಕು, ತಪ್ಪಿದರೆ ದಂಡ. ಕೆಲಸಕ್ಕೇ ಗೊತ್ತುಗುರಿಯಿಲ್ಲ, ಕಂತಿಗೆ ಮಾತ್ರ ಗೊತ್ತಾದ ದಿನವೆಂದರೆ ಹೇಗೆ ಆದೀತು? ಅದಕ್ಕೇ ಅವಳು ಕುರಿ ಹಿಡಿದಿದ್ದಳು. ಎರಡು ವರ್ಷದ ಹಿಂದೆ, ಸತತ ಎಂಟು ವಾರ ಕೆಲಸ ಸಿಕ್ಕಾಗ, ಎರಡು ಹೆಣ್ಣು ಮರಿ ಕೊಂಡು ಬೊಮ್ಮನಹಾಳ್ ಕಡೆಯ ಹಳ್ಳಿಯಲ್ಲಿದ್ದ ಅತ್ತೆ ಮೂಕಮ್ಮನ ಮಂದೆಯಲ್ಲಿ ಬಿಟ್ಟಿದ್ದಳು. ಕುರಿ ಕಂತು ಕೇಳುವುದಿಲ್ಲ, ಯಾರೋ ಕೈಸಾಲ ಕೇಳಿದರೆಂದು ಬಿಚ್ಚಿ ಕೊಡಲೂ ಆಗುವುದಿಲ್ಲ. ಈಗ ಎರಡು ತಾಯಿಕುರಿ, ಒಂದು ಹೆಣ್ಣು ಮರಿ, ಬೆಳೆದು ನಿಂತ ಎರಡು ಟಗರುಗಳಾಗಿದ್ದವು.

ಆ ಟಗರುಗಳ ಮೇಲೆ ಅವಳು ಒಂದು ಹೊಲಿಗೆ ಮಷೀನಿನ ಲೆಕ್ಕ ಹಾಕಿದ್ದಳು. ಹಳೇ ಬಸ್‌ಸ್ಟ್ಯಾಂಡಿನ ಹತ್ತಿರದ ದರ್ಜಿ ಉಚ್ಚಂಗೆಪ್ಪ ಅಂಗಡಿ ಮುಚ್ಚಿ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೊರಟಿದ್ದ. ಮೋಟರು ಕೂರಿಸಿದ ಅವನ ಮಷೀನು ಗಟ್ಟಿಯಾಗಿತ್ತು. "ಮಂಗಳವಾರದ ತನಕ ಇಟ್ಟಿರ್ತೀನವ್ವ, ಆಮ್ಯಾಲೆ ಕೇಳಬ್ಯಾಡ" ಎಂದಿದ್ದ. ಮೇ ತಿಂಗಳು ನಡೆಯುತ್ತಿತ್ತು. ಜೂನಿನಲ್ಲಿ ಶಾಲೆಗಳು ತೆರೆಯುತ್ತವೆ. ಮನೆಯಲ್ಲೊಂದು ಮಷೀನಿದ್ದರೆ ಕಟಿಂಗ್ ಬಾರದ ವಾರದಲ್ಲೂ ಯೂನಿಫಾರ್ಮ್ ಹೊಲಿದು ಒಲೆ ಉರಿಸಬಹುದು. ಭಾನುವಾರ ಹೋಗಿ ಟಗರು ಹಿಡಿದು ತರುವುದು, ಸೋಮವಾರ ವ್ಯಾಪಾರಿಗೆ ಕೊಡುವುದು, ಮಂಗಳವಾರ ಮಷೀನು. ಎಲ್ಲ ಸರಿಯಾಗಿ ಕೂಡಿಬಂದಿತ್ತು.

ಭಾನುವಾರ ಮೊದಲ ಬಸ್ಸಿಗೆ ಬೊಮ್ಮನಹಾಳಿಗೆ ಹೋಗಿ, ಅಲ್ಲಿಂದ ಆಟೋದಲ್ಲಿ ಹಳ್ಳಿ ಸೇರುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಮನೆ ಮುಂದೆ ಶಾಮಿಯಾನ ಕಟ್ಟಿದ್ದರು. ಮಸಾಲೆ ಹುರಿದ ವಾಸನೆ ಓಣಿಯ ತುದಿಗೇ ಬರುತ್ತಿತ್ತು. ಪಂಕ್ತಿಯಲ್ಲಿ ಕೂತವರು ಮುದ್ದೆ ಮುರಿಯುತ್ತಿದ್ದರು. ಮೈದುನ ಪಾಲಯ್ಯ ಹೊಸ ಅಂಗಿ ತೊಟ್ಟು ಸಾರಿನ ಬಕೆಟ್ಟು ಹಿಡಿದು ಓಡಾಡುತ್ತಿದ್ದ. ಅವನ ಮಗನ ನುಣ್ಣನೆಯ ತಲೆಗೆ ಗಂಧ ಬಳಿದಿದ್ದರು.

"ಅತ್ಗಿ, ಬಂದ್ರಾ? ಊಟದ ಹೊತ್ತಿಗೆ ಸರಿಯಾಗಿ ಬಂದೀರಿ ನೋಡ್ರಿ. ನಿಮಗ ಕೆಲಸ ಐತಿ, ಬರಾಂಗಿಲ್ಲ ಅಂದಿದ್ದ ಅಣ್ಣ" ಎಂದ ಪಾಲಯ್ಯ ಮುಖವರಳಿಸಿ.

ಹುಡುಗನ ಜವಳದ ಸುದ್ದಿಯೇ ಮಂಜಮ್ಮನಿಗೆ ತಿಳಿದಿರಲಿಲ್ಲ. ತಿಳಿಸಬೇಕಾದ ಗಂಡ ತಿಳಿಸಿರಲಿಲ್ಲ. ಅವಳು ನೆಟ್ಟಗೆ ಮನೆಯ ಹಿಂದಿನ ಹಟ್ಟಿಗೆ ಹೋದಳು. ತಾಯಿಕುರಿಗಳಿದ್ದವು. ಹೆಣ್ಣು ಮರಿ ಇತ್ತು. ಟಗರುಗಳಿರಲಿಲ್ಲ. ಬೇವಿನ ಕೊಂಬೆಗೆ ಎರಡು ಚರ್ಮ ಒಣಗಲು ಹಾಕಿದ್ದರು.

"ಕೈ ತೊಳಕೋ ಬಾರವ್ವ" ಎಂದು ಯಾರೋ ಹೆಂಗಸು ರಟ್ಟೆ ಹಿಡಿದು ಪಂಕ್ತಿಗೆ ಕರೆದೊಯ್ದಳು. ಎಲೆಯ ಮೇಲೆ ಮುದ್ದೆ ಬಿತ್ತು, ಸಾರು ಬಿತ್ತು, ಹಿರಿ ಸೊಸೆಯೆಂದು ಪಾಲಯ್ಯ ನಾಲ್ಕು ತುಂಡು ಹೆಚ್ಚು ಹಾಕಿದ. ಎದ್ದು ಹೋದರೆ ಹುಡುಗನ ಶುಭಕಾರ್ಯದಲ್ಲಿ ಮುಖ ಮುರಿದಂತಾಗುತ್ತದೆ. ಮಂಜಮ್ಮ ಉಂಡಳು. ಸಾರು ಬಲು ರುಚಿಯಾಗಿತ್ತು. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಎರಡು ವರ್ಷ ಹಬ್ಬಕ್ಕೂ ಮಾಂಸ ತರದೆ ಕೂಡಿಟ್ಟಿದ್ದನ್ನು ಊರೆಲ್ಲ ಕೂತು ಚೀಪುತ್ತಿತ್ತು. ಪಕ್ಕದ ಮುದುಕನೊಬ್ಬ ಎಲುಬು ಬಡಿದು ಬಡಿದು ಅದರೊಳಗಿನ ನೆಣ ಹೀರುತ್ತಿದ್ದ.

ಪಂಕ್ತಿ ಮುಗಿದು ನೆಂಟರು ನೆರಳು ಹುಡುಕಿ ಅಡ್ಡಾದ ಮೇಲೆ ಅವಳು ಅತ್ತೆಯನ್ನು ಹುಡುಕಿಕೊಂಡು ಹೋದಳು. ಮೂಕಮ್ಮ ಹಟ್ಟಿಯ ಬಾಗಿಲಲ್ಲಿ ಕೂತು ಎಲೆಯಡಿಕೆ ಕುಟ್ಟುತ್ತಿದ್ದಳು. ಹೆಸರು ಮೂಕಮ್ಮನಾದರೂ ಮಾತಿನಲ್ಲಿ ಯಾರಿಗೂ ಸೋತವಳಲ್ಲ.

"ನನ್ನ ಟಗರು ಯಾಕ ಕೊಯ್ಸಿದ್ರಿ ಅತ್ತಿ?"

"ಅಂಜಿ ಫೋನಿನಾಗ ಹೇಳ್ದ. ಕೊಯ್ರಿ ಅಂದ, ಕೊಯ್ದ್ವಿ."

"ಅವ ಯಾರು ಹೇಳಾಕ? ನಾನು ಹೊಲಿದು ದುಡಿದ ರೊಕ್ಕದಾಗ ತಂದ ಮರಿ ಅವು. ನನಗೊಂದು ಮಾತು ಕೇಳಬಾರದಿತ್ತಾ?"

ಮೂಕಮ್ಮ ಕುಟ್ಟುವುದನ್ನು ನಿಲ್ಲಿಸಿದಳು. "ನಾನೊಂದು ಕೇಳ್ತೀನಿ, ಹೇಳು. ಮರಿ ನೀ ತಂದಿ, ಸುಳ್ಳಲ್ಲ. ಎಲ್ಡು ವರ್ಷ ಮೇಸಿದೋರು ಯಾರು? ಬಿಸಲಾಗ ಹೊಲ ಹೊಲ ಸುತ್ತಿದೋರು ಯಾರು? ಮಳಿಗಾಲದಾಗ ಕಾಲು ಹುಣ್ಣಾಗಿ ಕುಂತಾಗ ಔಷಧ ಹಚ್ಚಿದೋರು ಯಾರು?"

"ನೀವ..."

"ಮಂದಿ ಕುರಿ ಪಾಲಿಗೆ ಮೇಸಿದ್ರ ಹುಟ್ಟಿದ್ರಾಗ ಅರ್ಧ ಮೇಸಿದೋರಿಗೆ ಕೊಡ್ತಾರ. ಊರಿಗೆಲ್ಲ ಗೊತ್ತಿರೋ ಮಾತು. ನೀ ನನಗೇನು ಕೊಟ್ಟಿ?"

"ನೀವು ಕೇಳ್ಲೇ ಇಲ್ಲಲ್ರಿ."

"ಸೊಸಿ ಮುಂದ ಕೈ ಒಡ್ಡಿ ಕೇಳಬೇಕಾಗಿತ್ತೇನು? ಬಂದಾಗೆಲ್ಲ ಕುರೀ ಮೈ ತಡವಿ ನೋಡ್ತಿದ್ದಿ, ಎಷ್ಟು ತೂಕ ಬಂದಾವ ಅಂತ. ಅತ್ತಿ, ನಿನ್ನ ಮೊಣಕಾಲು ಹೆಂಗೈತಿ ಅಂತ ಒಂದಿನ ಕೇಳೀಯೇನು?"

ಜಗಳಕ್ಕೆಂದು ಬಂದವಳ ಕೈಯಲ್ಲಿದ್ದ ಮಾತನ್ನು ಮುದುಕಿ ಕಿತ್ತುಕೊಂಡು ಅವಳ ಕಡೆಗೇ ತಿರುಗಿಸಿದ್ದಳು. ಒಳಗೊಳಗೆ ಇನ್ನೂ ಕುದಿಯುತ್ತಿತ್ತು, ಆದರೆ ಅತ್ತೆ ಹೇಳಿದ್ದರಲ್ಲಿ ಸುಳ್ಳೆಂಬುದು ಒಂದಿಷ್ಟೂ ಇರಲಿಲ್ಲ. ತಾನು ಉಳಿಸಿದೆ, ತಾನು ಉಳಿಸಿದೆ ಎಂದು ಬೀಗುತ್ತಿದ್ದುದು ಈ ಮುದುಕಿಯ ಕಾಲಸವೆತದ ಮೇಲೆ ಎಂಬುದು ಆ ಹೊತ್ತಿನವರೆಗೆ ಅವಳಿಗೆ ಹೊಳೆದೇ ಇರಲಿಲ್ಲ.

ಬಸ್ಸಿಗೆ ಹೋಗುವ ದಾರಿಯಲ್ಲಿ ಕಾಲುವೆಯ ಏರಿಯ ಮೇಲೆ ಸಿಗ್ನಲ್ಲು ಸಿಕ್ಕಿತು. ಅಂಜಿಗೆ ಫೋನು ಮಾಡಿದಳು.

"ಒಬ್ಬನ ತಮ್ಮ, ಅವನ ಮಗನ ಜವಳ" ಎಂದ ಅಂಜಿ. "ಕೊಡಂಗಿಲ್ಲ ಅನ್ನಾಕ ನನಗ ಬಾಯಿ ಬರಲಿಲ್ಲ."

"ನನಗ ಹೇಳಾಕ ಬಾಯಿ ಇರಲಿಲ್ಲೇನ್ರಿ?"

"ಹೇಳಿದ್ರ ನೀ ಬ್ಯಾಡ ಅಂತಿದ್ದಿ."

"ಅಂತಿದ್ದೆ. ಅದಕ್ಕ ಕೇಳಬೇಕಿತ್ತು."

"ನಾನು ಕಾಲು ಮುರ್ಕಂಡು ಬಿದ್ದಾಗ ಮೂರು ತಿಂಗಳು ಅಕ್ಕಿ ಕಳಿಸಿದೋನು ಪಾಲಯ್ಯ. ಕಾಲುವಿ ಗದ್ದಿಯಾಗ ಕೂಲಿಗೆ ಹೋಗಿ ತಂದ ಅಕ್ಕಿ. ಮರತಿಯೇನು?" ಎಂದ.

ಮರೆತಿರಲಿಲ್ಲ. ಅದೇ ಕಷ್ಟವಾಗಿತ್ತು. ಸಿಟ್ಟನ್ನು ಯಾರ ಮೇಲೆ ಇಳಿಸಲು ಹೋದರೂ ಅವರ ಹತ್ತಿರ ಒಂದು ನ್ಯಾಯದ ಮಾತಿರುತ್ತಿತ್ತು. ನ್ಯಾಯವೆಲ್ಲ ಅವರದು, ನಷ್ಟವೆಲ್ಲ ತನ್ನದು. ಫೋನಿಟ್ಟು ಏರಿಯ ಮೇಲೆ ಕೂತು, ಬಸ್ಸು ಬರುವವರೆಗೂ ಕಣ್ಣೀರು ಬರುತ್ತದೆಯೋ ಎಂದು ಕಾದಳು. ಬರಲಿಲ್ಲ. ಹಲ್ಲು ಮಾತ್ರ ಕಡಿದು ಕಡಿದು ದವಡೆ ನೊಂದಿತು.

ಮಂಗಳವಾರ ಮಧ್ಯಾಹ್ನ ಉಚ್ಚಂಗೆಪ್ಪನ ಮಷೀನು ಬೇರೆಯವರ ತಳ್ಳುಗಾಡಿ ಹತ್ತಿತು. ಮಂಜಮ್ಮ ಅದನ್ನು ನೋಡಲು ಹೋಗಬಾರದಿತ್ತು, ಹೋದಳು. ಮನೆಗೆ ಬಂದು ಆಶಾರಾಣಿ ಬಚ್ಚಲಲ್ಲಿ ಎರಡು ತಂಬಿಗೆ ನೀರು ಹೆಚ್ಚು ಸುರಿದುಕೊಂಡಳೆಂದು ಬೈದಳು.

"ನನ್ನ ಮ್ಯಾಲ ಯಾಕ ಹಾರ್ತಿ?" ಎಂದಳು ಮಗಳು ಒದ್ದೆ ಕೂದಲು ಹಿಂಡುತ್ತ. "ಟಗರು ತಿಂದೋರ ಮುಂದ ಸುಮ್ಮನಿದ್ದು ಬಂದಿ, ಈಗ ನೀರಿನ ಲೆಕ್ಕ ಕೇಳ್ತಿ. ಯೂನಿಟ್ಟಿನಾಗ ಎಂಟು ಮಷೀನು ಸುಮ್ಮನ ಕುಂತಾವ. ಒಂದು ವಾರ ಕೊಡ್ರಿ ಅಂತ ಸಂಜೀವಪ್ಪನ್ನ ಕೇಳಾಕ ಏನಾಗೈತಿ ನಿನಗ?"

ಮಂಜಮ್ಮ ಬೈಗುಳವನ್ನು ಅರ್ಧಕ್ಕೇ ಬಿಟ್ಟು ಮಗಳ ಮುಖ ನೋಡಿದಳು. ಒಂಬತ್ತು ವರ್ಷ ಕೆಲಸವಿಲ್ಲದ ಪ್ರತಿ ವಾರವೂ ಆ ಮಷೀನುಗಳಿಗೆ ಮುಸುಕು ಹೊದಿಸಿ ಮನೆಗೆ ಬಂದವಳು ಅವಳೇ.

ಸಂಜೀವಪ್ಪ ಮೊದಲು ಒಪ್ಪಲಿಲ್ಲ. "ಮಷೀನು ಕೆಟ್ರ ಯಾರು ಕಟ್ಟಿಕೊಡ್ತಾರ? ಕರೆಂಟು ಬಿಲ್ಲು ಯಾರಪ್ಪ ಕಟ್ತಾನ?" ಎಂದ.

"ಕೆಟ್ರ ನಾನ ರಿಪೇರಿ ಮಾಡಿಸ್ತೀನಿ ಅಣ್ಣಾರ. ಕರೆಂಟಿಗೆ ಒಂದು ಜತಿ ಬಟ್ಟಿಗಿಷ್ಟು ಅಂತ ಹೇಳ್ರಿ, ಕೊಡ್ತೀನಿ. ಕಟಿಂಗ್ ಬಂದ ದಿನ ನನ್ನ ಗಂಟು ಕಟ್ಕಂಡು ಎದ್ದು ಬಿಡ್ತೀನಿ."

ಅವನು ತಲೆ ಕೆರೆದುಕೊಂಡು ಒಂದು ರೇಟು ಹೇಳಿದ. ಅವಳು ಇಳಿಸಿದಳು, ಅವನು ಏರಿಸಿದ. ಕೊನೆಗೆ ಮೂಲೆಯ ಒಂದು ಮಷೀನು ಸಿಕ್ಕಿತು.

ಜೂನ್ ಬಂದರೂ ಕಟಿಂಗ್ ಬರಲಿಲ್ಲ. ಮೊದಲ ಎರಡು ವಾರ ತಾಯಿ ಮಗಳು ಬೆಳಗಾದರೆ ಯೂನಿಟ್ಟಿನಲ್ಲಿ. ಆಶಾರಾಣಿ ಗುಂಡಿ ಹಚ್ಚಿ ಇಸ್ತ್ರಿ ಮಾಡಿದಳು. ಓಣಿಯವರು ತಂದುಕೊಟ್ಟ ಬಟ್ಟೆಯಲ್ಲಿ ಮಂಜಮ್ಮ ನೀಲಿ ಅಂಗಿ, ಕಂದು ಚಡ್ಡಿ, ಹುಡುಗಿಯರ ಲಂಗ ಹೊಲಿದಳು. ಜೀನ್ಸಿನ ದಪ್ಪ ಬಟ್ಟೆಗೆ ಒಗ್ಗಿದ್ದ ಕೈಗೆ ಯೂನಿಫಾರ್ಮಿನ ತೆಳು ಬಟ್ಟೆ ಮೊದಮೊದಲು ಜಾರುತ್ತಿತ್ತು. ಒಂದು ಅಂಗಿಯ ಕಾಲರು ಮೂರು ಸಲ ಬಿಚ್ಚಿ ಹೊಲಿಯಬೇಕಾಯಿತು. ನಡುವೆ ಎರಡು ದಿನ ಕರೆಂಟು ಕೈಕೊಟ್ಟಿತು.

ಶಾಲೆಗಳು ತೆರೆದವು. ಓಣಿಯ ಹುಡುಗರೆಲ್ಲ ಅವಳು ಹೊಲಿದ ಅಂಗಿ ತೊಟ್ಟು ಹೋದರು. ಕೂಲಿ ಮಾತ್ರ ಬರಲಿಲ್ಲ.

"ಮುಂದಿನ ವಾರ ಕೊಡ್ತೀನಿ ಮಂಜವ್ವ, ನಮ್ಮೋರಿಗೆ ಇನ್ನೂ ಬಟವಾಡೆ ಆಗಿಲ್ಲ" ಎಂದು ಒಬ್ಬಳು. "ಕಟಿಂಗ್ ಬರಲಿ, ಕೊಟ್ಟ ಬಿಡ್ತೀನಿ" ಎಂದು ಇನ್ನೊಬ್ಬಳು, ಮಂಜಮ್ಮನ ಜೊತೆಯಲ್ಲೇ ಲೂಪು ಹಚ್ಚುವವಳು. ಅವರಿಗೆ ಏನೆಂದು ಹೇಳುವುದು? ಅವರ ಮನೆಯ ಡಬ್ಬಿಗಳಲ್ಲಿ ಏನಿದೆ ಏನಿಲ್ಲ ಎಂಬುದು ಮಂಜಮ್ಮನಿಗೆ ತನ್ನ ಮನೆಯಷ್ಟೇ ಚೆನ್ನಾಗಿ ಗೊತ್ತಿತ್ತು. ಇಲ್ಲದವರ ಹತ್ತಿರ ದುಡಿದುಕೊಳ್ಳಲು ಹೊರಟ ತನ್ನ ಜಾಣತನಕ್ಕೆ ತಾನೇ ಬೈದುಕೊಂಡಳು.

ಮೂರನೇ ವಾರ ಅವಳಿಗೆ ತಡೆಯಲಾಗಲಿಲ್ಲ. ಮನೆ ಮನೆಗೆ ಹೋಗಿ, "ರೊಕ್ಕ ಇಲ್ಲಂದ್ರ ಮನ್ಯಾಗ ಏನೈತೋ ಅದನ್ನ ಕೊಡ್ರಿ, ಆದ್ರ ಇವತ್ತ ಕೊಡ್ರಿ" ಎಂದಳು. ಮೈಲಾರಮ್ಮನೆಂಬವಳು ತವರಿಂದ ಬಂದ ಶೇಂಗಾ ಅಳೆದು ಕೊಟ್ಟಳು. ಇನ್ನೊಂದು ಮನೆಯಿಂದ ಬೆಲ್ಲ ಬಂತು. ಕಿರಾಣಿ ಅಂಗಡಿಯಲ್ಲಿ ಕೂಲಿಗಿದ್ದವನು ಯಜಮಾನನಿಗೆ ಹೇಳಿ ತೊಗರಿಬೇಳೆ ಕೊಡಿಸಿದ. ಇಬ್ಬರು ಏನೂ ಕೊಡಲಿಲ್ಲ, ಆಮೇಲೂ ಕೊಡಲಿಲ್ಲ. ಸಂಜೀವಪ್ಪ ಮಾತ್ರ ಕರೆಂಟಿನ ಹಣವನ್ನು ನಗದಾಗಿಯೇ ಎಣಿಸಿಕೊಂಡ. ಎಲ್ಲ ಕಳೆದು ನೋಡಿದರೆ ಎರಡು ತಿಂಗಳು ಅಂಗಡಿಗೆ ಹೋಗದಷ್ಟು ದಿನಸಿ ಮನೆಯಲ್ಲಿತ್ತು, ಮಷೀನಿಗೆಂದು ಒಂದು ಬಿಡಿಗಾಸೂ ಇರಲಿಲ್ಲ.

ಅದೇ ದಿನಗಳಲ್ಲಿ ಅಂಜಿ ಬಂದ. ಆ ಸಲ ಕೆಲಸ ಚೆನ್ನಾಗಿ ಸಿಕ್ಕಿತ್ತು. ಒಂದು ಬುಟ್ಟಿ ಮಾವಿನಹಣ್ಣು, ಮಗಳಿಗೆ ವಾಚು, ಹೆಂಡತಿಗೆ ಸೀರೆ ತಂದಿದ್ದ. ಹೆಂಡತಿ ಸೀರೆಯ ಮಡಿಕೆಯನ್ನೂ ಬಿಚ್ಚದಿರುವುದನ್ನು ನೋಡಿ, "ಟಗರಿನ ಸಿಟ್ಟು ಇನ್ನೂ ಇಳಿದಿಲ್ಲೇನು?" ಎಂದು ಕೇಳಿದ.

"ಇಳಿಯಂಗಿಲ್ಲ" ಎಂದಳು ಮಂಜಮ್ಮ. "ಒಂದು ಮಾತು ಹೇಳ್ತೀನಿ ಕೇಳ್ರಿ. ನಿಮ್ಮ ತಮ್ಮಗ ಕೊಡಬ್ಯಾಡ್ರಿ ಅನ್ನಂಗಿಲ್ಲ. ಅಕ್ಕಿ ಉಂಡೀವಿ, ಋಣ ಐತಿ. ಆದ್ರ ಕೊಡೋದು ನಿಮ್ಮ ಕೈಯಾಗಿಂದು ಕೊಡ್ರಿ. ನಾಳೆ ನನ್ನ ಜತಿ ಊರಿಗೆ ಬರ್ರಿ, ಅತ್ತಿ ಮುಂದ ಪಾಲು ಮಾಡಾಣ. ಅವರದು ಅವರಿಗೆ, ನಂದು ನನಗ. ನನ್ನ ಪಾಲಿಂದು ಮುಟ್ಟಬೇಕಂದ್ರ ನನ್ನನ್ನ ಕೇಳಬೇಕು."

ಅಂಜಿ ನಕ್ಕು ಹಾರಿಸಲು ನೋಡಿದ. ಅವಳು ನಗಲಿಲ್ಲ. ಮಾರನೆಯ ದಿನ ಬೊಮ್ಮನಹಾಳಿನ ಬಸ್ಸಿನಲ್ಲಿ ಅವನು ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಹೊರಗೇ ನೋಡುತ್ತಿದ್ದ.

ಪಾಲು ಮಾಡುವಾಗ ಮೂಕಮ್ಮ ಬಿಗುಮಾನದಿಂದಲೇ ಕೂತಿದ್ದಳು. ತಾಯಿಕುರಿಗಳು ಮಂಜಮ್ಮನವು, ಹುಟ್ಟಿದ ಹೆಣ್ಣು ಮರಿ ಮೂಕಮ್ಮನದು, ಮುಂದೆ ಹುಟ್ಟುವವು ಅರ್ಧರ್ಧ ಎಂದಾಯಿತು. ಪಾಲಯ್ಯ ತಲೆ ತಗ್ಗಿಸಿ, "ಅತ್ಗಿ, ಸುಗ್ಗಿಗೆ ಒಂದು ಚೀಲ ನೆಲ್ಲು ಕಳಿಸ್ತೀನಿ" ಎಂದ. ಸುಗ್ಗಿ ಬಂದಾಗ ಕಳಿಸಿದ್ದು ಅರ್ಧ ಚೀಲ. ಅವಳು ಅದನ್ನು ಇಳಿಸಿಕೊಂಡು ಮಿಕ್ಕರ್ಧದ ಮಾತೆತ್ತಲಿಲ್ಲ. ಪಾಲು ಮಾಡಿದ ದಿನ ಹೊರಡುವಾಗ ಅತ್ತೆಯ ಮೊಣಕಾಲಿಗೆಂದು ತಂದಿದ್ದ ಎಣ್ಣೆಯ ಬಾಟಲಿಯನ್ನು ಬಾಗಿಲಲ್ಲಿಟ್ಟಳು. ಮುದುಕಿ ಅದನ್ನು ಮೂಸಿ ನೋಡಿ, "ಕೇಳಿದ ಮ್ಯಾಲ ತಂದಿ" ಎಂದಳು. ಎಣ್ಣೆಯನ್ನೇನೋ ಇಟ್ಟುಕೊಂಡಳು.

ಮಷೀನು ಕೊಳ್ಳಲು ಮತ್ತೆ ಒಂದೂವರೆ ವರ್ಷ ಹಿಡಿಯಿತು. ಆ ನಡುವೆ ಒಂದು ಮರಿ ರೋಗ ಬಂದು ಸತ್ತಿತು. ಮೂರು ಸಲ ಕಟಿಂಗ್ ನಿಂತಿತು. ಕೊನೆಗೆ ನಾಲ್ಕು ಟಗರು ಮಾರಲು ಅತ್ತೆ ಸೊಸೆ ಇಬ್ಬರೂ ಸಂತೆಗೆ ಹೋದರು. ವ್ಯಾಪಾರಿ ತೆಲುಗಿನಲ್ಲಿ ಬೆಲೆ ಕಟ್ಟಿದರೆ ಮೂಕಮ್ಮ ತೆಲುಗಿನಲ್ಲೇ ಬೈದಳು. ಅವನು ಟಗರಿನ ಬೆನ್ನು ಹಿಸುಕಿ ತೂಕವಿಲ್ಲವೆಂದ. "ನಿನ್ನ ಬೆನ್ನು ಹಿಸುಕಿ ನೋಡ್ಲಾ" ಎಂದಳು. ಎರಡು ಸಲ ಹಗ್ಗ ಬಿಚ್ಚಿಕೊಂಡು ಹೊರಟಂತೆ ಮಾಡಿದಳು. ಮಂಜಮ್ಮ ಮೊದಲ ಮಾತಿಗೇ ಒಪ್ಪಿಬಿಡುತ್ತಿದ್ದಳು. ಅತ್ತೆಯಿಂದಾಗಿ ಟಗರಿಗೆ ಸಾವಿರದ ಮೇಲೆ ಹೆಚ್ಚು ಸಿಕ್ಕಿತು.

ಹಣವನ್ನು ಅಲ್ಲೇ ಹುಣಸೆಮರದ ಕೆಳಗೆ ಎರಡು ಪಾಲು ಮಾಡಿದರು. ಮೂಕಮ್ಮ ತನ್ನದನ್ನು ಸೊಂಟದ ಚೀಲಕ್ಕೆ ಸೇರಿಸಿಕೊಂಡು ನೆಟ್ಟಗೆ ಬೆಳ್ಳಿ ಬಂಗಾರದ ಅಂಗಡಿಯ ಮೆಟ್ಟಿಲು ಹತ್ತಿದಳು. ಅರ್ಧ ಗಂಟೆ ಕನ್ನಡಿ ತಿರುವಿ ತಿರುವಿ ನೋಡಿ, ಬಿಳಿಹರಳಿನ ಒಂದು ಬಂಗಾರದ ಮೂಗುಬಟ್ಟು ಕೊಂಡಳು. ಅದಕ್ಕೆ ಕೊಟ್ಟ ದುಡ್ಡಿನಲ್ಲಿ ಎರಡು ಮರಿ ಬರುತ್ತಿದ್ದವು. ಅವಳ ಮನೆಯ ಮಾಡಿನ ತಗಡು ತೂತಾಗಿ ಒಂದು ವರ್ಷವಾಗಿತ್ತು.

ಮಂಜಮ್ಮನ ನಾಲಿಗೆ ತುರಿಸಿತು. ಎಪ್ಪತ್ತರ ವಯಸ್ಸಿಗೆ ಮೂಗುಬಟ್ಟು, ಮಳೆಗೆ ಸೋರುವ ಮನೆ, ಎರಡು ಮರಿ, ನಾಲ್ಕು ಚೀಲ ಜೋಳ, ಎಲ್ಲವೂ ಒಟ್ಟಿಗೆ ಗಂಟಲವರೆಗೆ ಬಂದವು.

"ಏನು ನೋಡ್ತಿ?" ಎಂದಳು ಮೂಕಮ್ಮ ಮೂಗು ಎತ್ತಿ. "ಒಪ್ಪತೈತೋ ಇಲ್ಲೋ ಹೇಳು."

ಮಂಜಮ್ಮ ಬಂದ ಮಾತನ್ನು ನುಂಗಿಕೊಂಡಳು. "ಒಪ್ಪತೈತಿ ಅತ್ತಿ" ಎಂದಳು. ಅದು ನಿಜವೂ ಆಗಿತ್ತು.